ಎರಡನೇ ವಾರದ ಪ್ರೇಕ್ಷಕ

(ಮೈಸೂರಿನ ಬಡಾವಣೆಯೊಂದರ ಗ್ರಂಥಾಲಯದಲ್ಲಿ ಓದುಗರು ಸೇರಿ ನಡೆಸುವ ತಿಂಗಳ ಮಾತುಕತೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತು ಕುಮಾರವ್ಯಾಸನ ಬಗ್ಗೆ ಮಾತಾಡಿದವರು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು. ಈ ತಿಂಗಳು ಜೆರಾಕ್ಸ್ ಅಂಗಡಿಯವನನ್ನು ಕೂರಿಸಿದ್ದೀರಿ. ಸಿನಿಮಾ ಬಗ್ಗೆ ಮಾತಾಡಿ ಅಂದಿರಿ. ನಾನು ವಿಮರ್ಶಕ ಅಲ್ಲ, ಯಾವ ನಟನ ಅಭಿಮಾನಿ ಸಂಘದಲ್ಲೂ ಇಲ್ಲ. ಕ್ಯಾಮೆರಾ ಎಲ್ಲಿಟ್ಟರು, ಲೈಟು ಎಲ್ಲಿಂದ ಬಿತ್ತು ಅನ್ನೋದು ನನಗೆ ಹೊಳೆಯುವುದಿಲ್ಲ. ದುಡ್ಡು ಕೊಟ್ಟು ಟಿಕೆಟ್ ತಗೊಂಡು, ಕತೆ ಚೆನ್ನಾಗಿದ್ದರೆ ಕಣ್ಣು ಬಿಟ್ಟುಕೊಂಡು, ಇಲ್ಲದಿದ್ದರೆ ಕಣ್ಣು ಮುಚ್ಚಿಕೊಂಡು ಕೂರುವ ಪೈಕಿ.

ನನ್ನ ಅಂಗಡಿಗೆ ಮಂಗಳವಾರ ರಜೆ. ಸಿನಿಮಾ ಬಿಡುಗಡೆ ಆಗುವುದು ಶುಕ್ರವಾರ. ಮೊದಲ ಮಂಗಳವಾರಕ್ಕೆ ಸಿನಿಮಾ ಹೇಗಿದೆ ಅಂತ ನನಗೆ ಇನ್ನೂ ಗೊತ್ತಾಗಿರುವುದಿಲ್ಲ. ಹಾಗಾಗಿ ನಾನು ಹೋಗುವುದು ಎರಡನೇ ಮಂಗಳವಾರ. ಅಷ್ಟರಲ್ಲಿ ಸಿನಿಮಾ ಇದ್ದರೆ ನೋಡಿದೆ, ಎತ್ತಂಗಡಿ ಆಗಿದ್ದರೆ ಮನೆಗೆ ವಾಪಸ್. ಇವತ್ತು ನಾನು ಹೇಳುವ ಅಭಿಪ್ರಾಯವೆಲ್ಲ ಈ ಎರಡನೇ ವಾರದ ಸೀಟಿನಿಂದ ಕಂಡಿದ್ದು. ನನ್ನ ತಕರಾರು ಕೂಡ ಒಂದೇ. ಕನ್ನಡ ಸಿನಿಮಾಕ್ಕೆ ಜನ ಬರುವುದಿಲ್ಲ ಅಂತಾರಲ್ಲ, ಅದು ಅರ್ಧ ನಿಜ. ಜನ ಬರುವ ಹೊತ್ತಿಗೆ ಸಿನಿಮಾ ಇರುವುದಿಲ್ಲ ಅನ್ನೋದು ಇನ್ನರ್ಧ.

ಸಿನಿಮಾ ಹೇಗಿದೆ ಅಂತ ನನಗೆ ಗೊತ್ತಾಗುವುದು ಅಂಗಡಿಯಲ್ಲೇ. ಪಕ್ಕದಲ್ಲಿ ಕಾಲೇಜಿದೆ, ಎದುರಿಗೆ ಪಿ.ಜಿ. ಇದೆ, ಹಿಂದಿನ ರಸ್ತೆಯಲ್ಲಿ ನಿವೃತ್ತರೇ ಹೆಚ್ಚಿರುವ ಮನೆಗಳಿವೆ. ಆಧಾರ್ ಕಾರ್ಡ್ ಜೆರಾಕ್ಸ್ ಬರುವ ತನಕ ಜನ ಏನಾದರೂ ಮಾತಾಡಬೇಕಲ್ಲ. ಹುಡುಗರು "ಬೆಂಕಿ ಸಿನಿಮಾ" ಅಂದರೆ ನಾನು ನಂಬುವುದಿಲ್ಲ, ಅವರಿಗೆ ಪ್ರತಿ ಶುಕ್ರವಾರವೂ ಬೆಂಕಿಯೇ. ಹಿಂದಿನ ರಸ್ತೆಯ ಅಜ್ಜಿ ಒಬ್ಬರು ಪಿಂಚಣಿ ಕಾಗದ ಹಿಡಿದು ಬಂದು "ಮಗ ಕರ್ಕೊಂಡು ಹೋಗಿದ್ದ ಕಣಪ್ಪ, ನಕ್ಕೂ ನಕ್ಕೂ ಸಾಕಾಯ್ತು" ಅಂದರೆ ಮಾತ್ರ ಕಿವಿ ನಿಮಿರುತ್ತದೆ. ಹುಡುಗರೂ ಅಜ್ಜಿಯೂ ಒಂದೇ ಸಿನಿಮಾದ ಹೆಸರು ಹೇಳಿದರೆ ಟಿಕೆಟ್ ತಗೋಬಹುದು. ಬುಕ್ಕಿಂಗ್ ಆ್ಯಪಿನಲ್ಲಿ ಹತ್ತಕ್ಕೆ ಒಂಬತ್ತೂವರೆ ಅಂಕ ಬಿದ್ದಿರುತ್ತದಲ್ಲ, ಅದನ್ನು ನಾನು ನೋಡುವುದನ್ನೇ ಬಿಟ್ಟಿದ್ದೇನೆ. ಬೆಳಗಿನ ಶೋ ಮುಗಿಯುವ ಮೊದಲೇ ಅಷ್ಟು ಅಂಕ ಹಾಕುವವರು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

2025ರಲ್ಲಿ ಜುಲೈ ತನಕ ಆ ಅಜ್ಜಿ ಯಾವ ಸಿನಿಮಾದ ಹೆಸರನ್ನೂ ಹೇಳಿರಲಿಲ್ಲ. ಆ ವರ್ಷದ ಮೊದಲ ಆರು ತಿಂಗಳು ಕನ್ನಡದ ಮಟ್ಟಿಗೆ ಬರಗಾಲ. ವಾರಕ್ಕೆ ನಾಲ್ಕೈದು ಸಿನಿಮಾ ಬರುತ್ತಿದ್ದವು, ಬಂದ ಹಾಗೆ ಹೋಗುತ್ತಿದ್ದವು. ಆಮೇಲೆ ಜುಲೈ 25ಕ್ಕೆ 'ಸು ಫ್ರಮ್ ಸೋ' ಬಂತು. ಜೆ.ಪಿ. ತುಮಿನಾಡು ಅನ್ನುವವರ ಮೊದಲ ನಿರ್ದೇಶನ, ರಾಜ್ ಬಿ. ಶೆಟ್ಟಿ ಅವರ ಸಂಸ್ಥೆಯ ನಿರ್ಮಾಣ. ಪೋಸ್ಟರಿನಲ್ಲಿ ಸ್ಟಾರ್ ಅಂತ ಯಾರೂ ಇಲ್ಲ. ಹೆಸರು ನೋಡಿ ನಾನು ಇಂಗ್ಲಿಷ್ ಸಿನಿಮಾ ಅಂದುಕೊಂಡಿದ್ದೆ. ಸೋಮೇಶ್ವರದ ಸುಲೋಚನ ಅಂತ ಆಮೇಲೆ ತಿಳಿಯಿತು.

ಆ ತಂಡ ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪೇಯ್ಡ್ ಪ್ರೀಮಿಯರ್ ಇಟ್ಟರು. ಸೆಲೆಬ್ರಿಟಿಗಳನ್ನು ಕೂರಿಸಿ, ಹೊರಗೆ ಮೈಕು ಹಿಡಿದು "ಸೂಪರ್ ಸಾರ್, ಮಿಸ್ ಮಾಡ್ಬೇಡಿ" ಅನ್ನಿಸುವ ಪ್ರೀಮಿಯರ್ ಅಲ್ಲ. ದುಡ್ಡು ಕೊಟ್ಟವರಿಗೆ ತೋರಿಸಿ, ಅವರು ಮನೆಗೆ ಹೋಗಿ ಏನು ಹೇಳುತ್ತಾರೋ ಹೇಳಲಿ ಅಂತ ಬಿಟ್ಟರು. ಅಂದರೆ ಎರಡನೇ ವಾರ ಹುಟ್ಟಬೇಕಾದ ಬಾಯಿಮಾತನ್ನು ಬಿಡುಗಡೆಗೆ ಮೊದಲೇ ಹುಟ್ಟಿಸಿಕೊಂಡರು. ಶುಕ್ರವಾರ ಬೆಳಗ್ಗೆ ಇದ್ದ ಶೋಗಳಿಗೂ ಭಾನುವಾರ ರಾತ್ರಿ ಇದ್ದ ಶೋಗಳಿಗೂ ಸಂಬಂಧವೇ ಇರಲಿಲ್ಲ. ಆಗಸ್ಟ್ ಮೊದಲ ವಾರ ಮಲಯಾಳಕ್ಕೆ ಹೋಯಿತು, ಅದರ ಮುಂದಿನ ವಾರ ತೆಲುಗಿಗೆ. ಕೆಲವೇ ಕೋಟಿಯಲ್ಲಿ ಮಾಡಿದ ಸಿನಿಮಾ ನೂರು ಕೋಟಿ ದಾಟಿತು ಅಂತ ಪತ್ರಿಕೆಗಳು ಬರೆದವು.

ಇನ್ನು ಸಿನಿಮಾ ಹೇಗಿತ್ತು? ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನೋ ಹುಡುಗ ಮಾಡಬಾರದ ಕೆಲಸ ಮಾಡಿ ಸಿಕ್ಕಿಬಿದ್ದು, ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದ ಹಾಗೆ ಆಡುತ್ತಾನೆ. ಊರಿಗೆ ಊರೇ ನಂಬುತ್ತದೆ. ಇಷ್ಟೇ ಕತೆ. ಆದರೆ ಆ ಊರು ಇದೆಯಲ್ಲ, ಅದು ನಿಜವಾದ ಊರು. ಮದುವೆ ಮನೆಯಾದರೂ ಸಾವಿನ ಮನೆಯಾದರೂ ಎಲ್ಲದಕ್ಕೂ "ರವಿ ಅಣ್ಣನಿಗೆ ಹೇಳಿ" ಅನ್ನುವ ಊರು. ರವಿ ಅಣ್ಣನ ಪಾತ್ರ ಮಾಡಿದ ಶನೀಲ್ ಗೌತಮ್ ಅವರನ್ನು ನೋಡಿದಾಗ, ನಮ್ಮ ಬೀದಿಯಲ್ಲೂ ಇಂಥವರು ಒಬ್ಬರಿದ್ದಾರಲ್ಲ ಅನ್ನಿಸಿತು. ಮದುವೆ ಆಗದೆ ಉಳಿದ, ಊರ ಕೆಲಸವೆಲ್ಲ ಮೈಮೇಲೆ ಹಾಕಿಕೊಂಡ, ಒಳಗೊಳಗೇ ಹೆದರುವ ಗಂಡಸು. ನಕ್ಕಿದ್ದು ಮಾತಿಗಿಂತ ಮುಖಗಳಿಗೆ. ರಂಗಭೂಮಿಯಲ್ಲಿ ಪಳಗಿದವರಿದ್ದಾರೆ ಅನ್ನೋದು ಕೂಡಲೇ ಗೊತ್ತಾಗುತ್ತದೆ. ಒಬ್ಬರು ಮಾತಾಡುವಾಗ ಉಳಿದ ಐದು ಜನ ಸುಮ್ಮನೆ ನಿಂತಿರುವುದಿಲ್ಲ, ಅವರವರ ಕೆಲಸ ಅವರು ಮಾಡುತ್ತಿರುತ್ತಾರೆ.

ಒಂದು ಆಕ್ಷೇಪ ಇದೆ. ಹುಡುಗ ಮಾಡಿದ ಆ ಮೊದಲ ತಪ್ಪು, ಹೆಣ್ಣುಮಕ್ಕಳ ಬಚ್ಚಲುಮನೆ ಇಣುಕಿದ್ದು, ಅದನ್ನು ಸಿನಿಮಾ ಬರೀ ಕತೆ ಶುರುಮಾಡುವ ನೆಪದ ಹಾಗೆ ದಾಟಿಸಿಬಿಡುತ್ತದೆ. ಕೊನೆಗೆ ಸುಲೋಚನಾಳ ಮಗಳು ಭಾನು ಬಂದ ಮೇಲೆ ಸಿನಿಮಾಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಸಂಧ್ಯಾ ಅರಕೆರೆ ಆ ಪಾತ್ರವನ್ನು ಹೆಚ್ಚು ಮಾತಿಲ್ಲದೆ ನಿಭಾಯಿಸಿದ್ದಾರೆ. ಒಂಟಿ ಹೆಂಗಸಿನ ಕಷ್ಟದ ಬಗ್ಗೆ ಅಷ್ಟು ಯೋಚಿಸಿದವರು ಮೊದಲಿನ ಆ ಹುಡುಗಿಯ ಬಗ್ಗೆಯೂ ಎರಡು ನಿಮಿಷ ಯೋಚಿಸಬಹುದಿತ್ತು. ಇದನ್ನು ನನಗೆ ಹೇಳಿದ್ದು ನನ್ನ ಹೆಂಡತಿ, ಇಂಟರ್‌ವಲ್‌ನಲ್ಲಿ. ನಾನು ಆಗ ಇನ್ನೂ ನಗುತ್ತಿದ್ದೆ.

ಅದೇ ಜುಲೈ 25ರ ಶುಕ್ರವಾರವೇ 'ಮಹಾವತಾರ್ ನರಸಿಂಹ' ಕೂಡ ಬಂದಿತ್ತು. ಅದು ಅನಿಮೇಶನ್. ಹೊಂಬಾಳೆಯವರು ಅರ್ಪಿಸಿದ್ದು. ಪ್ರಹ್ಲಾದನ ಕತೆ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ವಾರಗಟ್ಟಲೆ ಹೋದರು. ಬೊಂಬೆಗಳ ಚಲನೆ ನನಗೆ ಅಲ್ಲಲ್ಲಿ ಬಿಗಿಯಾಗಿ ಕಂಡಿತು, ಕೊನೆಯ ಅರ್ಧ ಗಂಟೆಯ ಉಗ್ರ ರೂಪ ಮಾತ್ರ ದೊಡ್ಡ ಪರದೆಗೇ ಹೇಳಿ ಮಾಡಿಸಿದ್ದು. ನಾನು ಹೇಳಬೇಕೆಂದಿದ್ದು ಇಷ್ಟು: ಒಂದೇ ದಿನ ಬಂದ ಎರಡು ಸಿನಿಮಾ, ಎರಡರಲ್ಲೂ ಸ್ಟಾರ್ ಇಲ್ಲ, ಎರಡಕ್ಕೂ ಸಂಸಾರಸಮೇತ ಜನ. "ಓಟಿಟಿ ಬಂದ ಮೇಲೆ ಫ್ಯಾಮಿಲಿ ಆಡಿಯನ್ಸ್ ಸತ್ತುಹೋಯಿತು" ಅಂತ ಸಿನಿಮಾ ಕಚೇರಿಗಳ ಗಾಂಧಿನಗರದಲ್ಲಿ ಅಳುತ್ತಿದ್ದವರು ಆ ತಿಂಗಳು ಎಲ್ಲಿದ್ದರೋ.

ಈಗ 'ಕಾಂತಾರ'ಕ್ಕೆ ಬರೋಣ. ನೀವೆಲ್ಲ ಅದಕ್ಕೇ ಕಾಯುತ್ತಿದ್ದೀರಿ ಅಂತ ಗೊತ್ತು.

ಮೊದಲನೆಯದು 2022ರ ಸೆಪ್ಟೆಂಬರ್ 30ಕ್ಕೆ ಬಂತು, ಕನ್ನಡದಲ್ಲಿ ಮಾತ್ರ. ಹಿಂದಿ ಬಂದಿದ್ದು ಅಕ್ಟೋಬರ್ 14ಕ್ಕೆ, ಅದರ ಮಾರನೇ ದಿನ ತೆಲುಗು, ತಮಿಳು, ಇನ್ನೂ ಕೆಲವು ದಿನ ಬಿಟ್ಟು ಮಲಯಾಳ. ಅಂದರೆ ಮೊದಲ ಎರಡು ವಾರ ಅದು ನಮ್ಮದೇ ಸಿನಿಮಾ. ಇಲ್ಲಿನ ಜನ ನೋಡಿ, ಊರಿಗೆಲ್ಲ ಹೇಳಿ, ಆ ಗದ್ದಲ ಗಡಿ ದಾಟಿದ ಮೇಲೆ ಬೇರೆ ಭಾಷೆಯವರು ತಮಗೂ ಬೇಕು ಅಂದರು. ನಾನು ಎರಡನೇ ವಾರ ಹೋದಾಗ ಟಿಕೆಟ್ ಸಿಗಲಿಲ್ಲ. ಎರಡನೇ ವಾರದ ಮಂಗಳವಾರ ಟಿಕೆಟ್ ಸಿಗದೆ ವಾಪಸ್ ಬಂದಿದ್ದರ ಖುಷಿ ನಿಮಗೆ ಹೇಗೆ ಹೇಳಲಿ! ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಹೊಸದಾಗಿ ಹೇಳುವುದು ಏನೂ ಇಲ್ಲ. ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದ್ದೇ. ನನಗೆ ಇಷ್ಟವಾಗಿದ್ದು ಅದಕ್ಕೂ ಮೊದಲಿನ ಸಣ್ಣ ಸಣ್ಣ ಜಾಗಗಳು: ಕಂಬಳದ ಕೆಸರು, ಬಯ್ಯುವ ತಾಯಿ, ಕುಡಿದು ಬಿದ್ದ ಗೆಳೆಯರು, ಅರಣ್ಯ ಇಲಾಖೆಯವರೊಂದಿಗಿನ ತಕರಾರು. ನಾಯಕ ಶಿವ ದೊಡ್ಡ ಮನುಷ್ಯನೇನಲ್ಲ, ಪೋಲಿ. ಆ ಪೋಲಿಯ ಮೈಯಲ್ಲಿ ದೈವ ಇಳಿದಿದ್ದಕ್ಕೇ ಮೈ ಜುಮ್ಮೆಂದಿದ್ದು.

ಎರಡನೆಯದು, ಮೊದಲನೆಯದಕ್ಕೂ ಹಿಂದಿನ ಕತೆ ಹೇಳುವ 'ಕಾಂತಾರ: ಚಾಪ್ಟರ್ 1', ಬಂದಿದ್ದು 2025ರ ಅಕ್ಟೋಬರ್ 2ಕ್ಕೆ. ಈ ಸಲ ಕಾಯುವುದೇನೂ ಇರಲಿಲ್ಲ. ಕನ್ನಡ, ಹಿಂದಿ, ತೆಲುಗು, ತಮಿಳು, ಮಲಯಾಳ, ಬಂಗಾಳಿ, ಎಲ್ಲ ಒಂದೇ ಸಲ. ಕದಂಬರ ಕಾಲ, ಬಂಗ್ರ ರಾಜ್ಯದ ಅರಮನೆ, ಕಾಡಿನ ಜನ. ದುಡ್ಡು ಎಲ್ಲಿ ಹೋಯಿತು ಅಂತ ಕೇಳುವ ಹಾಗಿಲ್ಲ, ಪರದೆ ಮೇಲೆ ಅಷ್ಟೂ ಕಾಣುತ್ತದೆ. ಪೇಟೆಯ ಬೀದಿಯಲ್ಲಿ ರಥ ಹತೋಟಿ ತಪ್ಪಿ ನುಗ್ಗುತ್ತದಲ್ಲ, ಅಂಥದ್ದನ್ನು ಕನ್ನಡದಲ್ಲಿ ನೋಡುತ್ತೇನೆ ಅಂತ ನಾನು ಅಂದುಕೊಂಡಿರಲಿಲ್ಲ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ಆ ಕಾಡನ್ನು ಹೆದರಿಕೆ ಹುಟ್ಟುವಷ್ಟು ಚಂದ ತೋರಿಸಿದೆ. ರುಕ್ಮಿಣಿ ವಸಂತ್ ಅವರ ಕನಕವತಿ ಮೊದಲರ್ಧದಲ್ಲಿ ಅಲಂಕಾರಕ್ಕೆ ಇದ್ದಾಳೆ ಅನ್ನಿಸಿ, ಆಮೇಲೆ ಬೇರೆಯೇ ಮುಖ ತೋರಿಸಿದಾಗ ಪಕ್ಕದ ಸೀಟಿನ ಹುಡುಗಿ "ಅಯ್ಯೋ" ಅಂದಳು. ಒಳ್ಳೆಯ ಪಾತ್ರಕ್ಕೆ ಅಷ್ಟು ಸಾಕು.

ಆದರೆ ಹಿಂದೆ ಕೂತಿರುವ ಮೇಷ್ಟ್ರು ತಲೆ ಅಲ್ಲಾಡಿಸುತ್ತಿದ್ದಾರೆ, ಅವರ ಮನಸ್ಸಿನಲ್ಲಿ ಇರುವುದನ್ನು ನಾನೇ ಹೇಳಿಬಿಡುತ್ತೇನೆ. ಮೊದಲನೆಯದರಲ್ಲಿ ಒಂದು ಊರಿನ ಜಗಳ ನಮ್ಮ ಜಗಳವಾಯಿತು. ಎರಡನೆಯದರಲ್ಲಿ ಜಗಳ ಎಷ್ಟು ದೊಡ್ಡದಾಯಿತೆಂದರೆ ಯಾರದ್ದು ಅಂತಲೇ ಮರೆತುಹೋಗುತ್ತದೆ. ಒಂದು ಹೊಡೆದಾಟ ಮುಗಿದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ನಡುವೆ ತುರುಕಿದ ಹಾಸ್ಯ ಆ ಕಾಲಕ್ಕೂ ಸೇರುವುದಿಲ್ಲ, ಈ ಕಾಲಕ್ಕೂ ಸೇರುವುದಿಲ್ಲ. ಶಬ್ದವಂತೂ ಕಿವಿಗೆ ಹತ್ತಿ ಇಟ್ಟುಕೊಂಡು ಹೋಗಬೇಕಾದಷ್ಟು. ಆರು ಭಾಷೆಯವರಿಗೂ ಒಟ್ಟಿಗೆ ಅರ್ಥವಾಗಬೇಕು ಅಂದಾಗ, ಒಂದು ಊರಿಗೆ ಮಾತ್ರ ಅರ್ಥವಾಗುವ ತಮಾಷೆ, ಬೈಗುಳ, ಮುನಿಸು ಇವನ್ನೆಲ್ಲ ಬಿಡಬೇಕಾಗುತ್ತದೋ ಏನೋ. ಇದರ ನಾಯಕ ಬರ್ಮೆ ದೊಡ್ಡ ಮನುಷ್ಯನಾಗಿಯೇ ಕತೆಗೆ ಬರುತ್ತಾನೆ. ನನಗೆ ಆ ಹಳೇ ಪೋಲಿ ಶಿವನೇ ಹತ್ತಿರದವನು.

ಸಿನಿಮಾ ನೋಡಿದ ಕೆಲವರು ಟಾಕೀಸಿನ ಒಳಗೇ ದೈವದ ವೇಷ ಹಾಕಿ ಕುಣಿದರು, ಹಾಗೆ ಮಾಡಬೇಡಿ ಅಂತ ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ತುಳುನಾಡಿನವರಿಗೆ ಅದು ಪೂಜೆ. ನಮ್ಮವರಿಗೆ ರೀಲ್ಸು. ಇದರ ಬಗ್ಗೆ ಹೆಚ್ಚು ಮಾತಾಡಲು ನಾನು ಆ ಸೀಮೆಯವನಲ್ಲ.

ನನ್ನ ಎರಡನೇ ವಾರದ ತಕರಾರಿಗೆ ಬರುತ್ತೇನೆ. ಅಕ್ಟೋಬರ್ 2ಕ್ಕೆ ಬಂದ ಸಿನಿಮಾ, ಇನ್ನೂ ಟಾಕೀಸಿನಲ್ಲಿ ಓಡುತ್ತಿರುವಾಗಲೇ, ಅಕ್ಟೋಬರ್ 31ಕ್ಕೆ ಅಮೆಜಾನ್ ಪ್ರೈಮ್‌ನಲ್ಲಿ ಕನ್ನಡ ಮತ್ತು ದಕ್ಷಿಣದ ಉಳಿದ ಭಾಷೆಗಳಲ್ಲಿ ಬಂತು. ಹಿಂದಿಯಲ್ಲಿ ಆಗ ಬರಲಿಲ್ಲ. ಯಾಕೆ? ಎಂಟು ವಾರ ಕಳೆಯದೆ ಓಟಿಟಿಗೆ ಕೊಟ್ಟರೆ ಹಿಂದಿ ಸಿನಿಮಾವನ್ನು ದೊಡ್ಡ ಮಲ್ಟಿಪ್ಲೆಕ್ಸ್ ಸರಪಳಿಗಳು ಹಾಕುವುದಿಲ್ಲ. ನಮ್ಮ ಕಡೆ ನಾಲ್ಕೇ ವಾರ. ಹೀಗಿದ್ದಾಗ ದೀಪಾವಳಿ ಖರ್ಚು ಮುಗಿಸಿ ಮುಂದಿನ ತಿಂಗಳು ಸಂಬಳ ಬಂದ ಮೇಲೆ ನೋಡೋಣ ಅಂತ ಕಾದ ಸಂಸಾರ ಟಾಕೀಸಿಗೆ ಯಾಕೆ ಹೋಗುತ್ತದೆ? ನಾಲ್ಕು ಜನರ ಟಿಕೆಟ್ಟಿನ ದುಡ್ಡಿಗೆ ತಿಂಗಳುಗಟ್ಟಲೆ ಮನೆಯಲ್ಲೇ ನೋಡಬಹುದು. ಜನ ಸೋಮಾರಿಗಳಾದರು ಅನ್ನುತ್ತಾರೆ. ಸೋಮಾರಿಗಳಲ್ಲ ಸ್ವಾಮಿ, ಲೆಕ್ಕ ಬರುತ್ತದೆ.

ಈಗ ಸ್ವಲ್ಪ ನನಗೆ ಇಷ್ಟವಾದ, ಆದರೆ ಖಾಲಿ ಹಾಲಿನಲ್ಲಿ ಓಡಿದ ಸಿನಿಮಾಗಳ ಬಗ್ಗೆ. 'ಸಪ್ತ ಸಾಗರದಾಚೆ ಎಲ್ಲೋ', ಹೇಮಂತ್ ಎಂ. ರಾವ್ ಅವರದು. ಮೊದಲ ಭಾಗ 2023ರ ಸೆಪ್ಟೆಂಬರ್ 1ಕ್ಕೆ, ಎರಡನೆಯದು ನವೆಂಬರ್ 17ಕ್ಕೆ. ಮನು ಅನ್ನೋ ಡ್ರೈವರ್, ಪ್ರಿಯಾ ಅನ್ನೋ ಹಾಡುವ ಹುಡುಗಿ. ಧಣಿಯ ಮಗ ಮಾಡಿದ ಅಪಘಾತವನ್ನು ತನ್ನ ಮೇಲೆ ಹಾಕಿಕೊಂಡರೆ ದುಡ್ಡು ಬರುತ್ತದೆ, ಮನೆ ಮಾಡಬಹುದು ಅಂತ ಮನು ಒಪ್ಪಿಕೊಂಡು ಜೈಲಿಗೆ ಹೋಗುತ್ತಾನೆ. ಬಡವರ ಪ್ರೀತಿಗೆ ಶತ್ರು ಜಾತಿ, ಅಪ್ಪ, ವಿಲನ್ ಅಂತ ನೋಡಿದ್ದೆವು. ಇಲ್ಲಿ ಶತ್ರು ಮನೆ ಬಾಡಿಗೆ. ಜೈಲಿನ ಭೇಟಿಯ ದೃಶ್ಯಗಳಲ್ಲಿ ರಕ್ಷಿತ್ ಶೆಟ್ಟಿ, ರುಕ್ಮಿಣಿ ಇಬ್ಬರೂ ಅಷ್ಟು ಮೆತ್ತಗೆ ಮಾತಾಡುತ್ತಾರೆ, ಚರಣ್ ರಾಜ್ ಸಂಗೀತ ಅದಕ್ಕೆ ಜಾಗ ಬಿಡುತ್ತದೆ. ಉದ್ದ ಆಯಿತು ಅಂದವರಿದ್ದಾರೆ. ಕಾಯುವುದೇ ಕತೆಯಾದ ಮೇಲೆ ನೋಡುವವರೂ ಸ್ವಲ್ಪ ಕಾಯಬೇಕು.

ಎರಡನೇ ಭಾಗ ನನ್ನನ್ನು ಅಷ್ಟು ಹಿಡಿಯಲಿಲ್ಲ. ಹತ್ತು ವರ್ಷ ಕಳೆದು ಹೊರಬಂದ ಮನು, ಮದುವೆಯಾಗಿ ಮಗುವಿರುವ ಪ್ರಿಯಾಳ ಸಂಸಾರವನ್ನು ದೂರದಿಂದ ನೋಡುತ್ತಾ, ಗೊತ್ತಾಗದ ಹಾಗೆ ಸಹಾಯ ಮಾಡುತ್ತಾ ಇರುತ್ತಾನೆ. ಸಿನಿಮಾ ಅದನ್ನು ತ್ಯಾಗ ಅನ್ನುತ್ತದೆ. ನನ್ನ ಮಗಳು ಅದಕ್ಕೆ ಬೇರೆ ಹೆಸರು ಹೇಳಿದಳು, ಪೊಲೀಸ್ ಠಾಣೆಯಲ್ಲಿ ಬರೆಸುವಂಥದ್ದು. ಚೈತ್ರಾ ಆಚಾರ್ ಅವರ ಸುರಭಿ ಪಾತ್ರ ಇಲ್ಲದಿದ್ದರೆ ಎರಡನೇ ಭಾಗದಲ್ಲಿ ಉಸಿರೇ ಇರುತ್ತಿರಲಿಲ್ಲ. ಇಷ್ಟೆಲ್ಲ ವಾದ ಮಾಡಿಸಿದ ಸಿನಿಮಾ ಅದು. ನಾವು ಮನೆಯಲ್ಲಿ ಎರಡು ದಿನ ಇದನ್ನೇ ಮಾತಾಡಿದೆವು. ಆದರೆ ಟಾಕೀಸಿನಲ್ಲಿ ನಮ್ಮ ಜೊತೆ ಇದ್ದವರು ಬೆರಳೆಣಿಕೆ ಮಂದಿ.

'ಶಾಖಾಹಾರಿ'ಯದು ಇನ್ನೂ ಬೇಜಾರು. 2024ರ ಫೆಬ್ರವರಿಯಲ್ಲಿ ಬಂತು. ಸಂದೀಪ್ ಸುಂಕದ ನಿರ್ದೇಶನ. ಮಲೆನಾಡಿನ ಒಂದು ಊರಿನಲ್ಲಿ ಸಸ್ಯಾಹಾರಿ ಹೋಟೆಲ್ ಇಟ್ಟುಕೊಂಡ ಸುಬ್ಬಣ್ಣನಾಗಿ ರಂಗಾಯಣ ರಘು. ರಘು ನಮ್ಮ ರಂಗಾಯಣದಿಂದ ಹೋದವರು, ನಮ್ಮೂರಿನವರಿಗೆ ಅವರ ಮೇಲೆ ಒಂದು ಹಕ್ಕಿದೆ. ಇಷ್ಟು ವರ್ಷ ಕಿರುಚಿಸಿ, ಕುಣಿಸಿ, ನಾಯಕನ ಬಾಲ ಹಿಡಿಸಿ ದುಡಿಸಿಕೊಂಡ ಗಾಂಧಿನಗರ, ಈ ಮನುಷ್ಯ ಸುಮ್ಮನೆ ನಿಂತು ದೋಸೆ ಹಾಕಿದರೂ ಎದೆ ಝಲ್ಲೆನ್ನುತ್ತದೆ ಅಂತ ಗೊತ್ತುಮಾಡಿಕೊಳ್ಳಲು ಇಷ್ಟು ತಡ ಮಾಡಿತು. ನಾನು ಇದನ್ನು ಟಾಕೀಸಿನಲ್ಲಿ ನೋಡಲಿಲ್ಲ. ಎರಡನೇ ಮಂಗಳವಾರಕ್ಕೆ ನಮ್ಮ ಕಡೆ ಇರುವುದು ಒಂದೇ ಶೋ, ಅದೂ ಹೋಗಿಬರಲು ಆಗದ ಹೊತ್ತಿಗೆ. ತಿಂಗಳುಗಳ ಮೇಲೆ ಪ್ರೈಮ್‌ನಲ್ಲಿ ಬಂದಾಗ ನನ್ನ ಅಂಗಡಿಗೆ ಬರುವವರೆಲ್ಲ "ನೋಡಿದ್ರಾ, ನೋಡಿದ್ರಾ" ಅಂದರು. ಬಾಯಿಮಾತು ಬಂತು, ಆದರೆ ಟಾಕೀಸಿನವರಿಗೂ ಅದರಿಂದ ಒಂದು ಪೈಸೆ ಹುಟ್ಟಲಿಲ್ಲ.

'ಡೇರ್‌ಡೆವಿಲ್ ಮುಸ್ತಫಾ' ಪರವಾಗಿಲ್ಲ, ಸ್ವಲ್ಪ ಉಸಿರಾಡಿತು. 2023ರ ಮೇ ತಿಂಗಳಿನದು. ತೇಜಸ್ವಿಯವರ ಕತೆ, ದುಡ್ಡು ಹಾಕಿದವರೂ ತೇಜಸ್ವಿಯವರನ್ನು ಓದಿದ ಜನ, ಹತ್ತಿರ ಹತ್ತಿರ ನೂರು ಮಂದಿ. ಓದುಗರು ನಿರ್ಮಾಪಕರಾದ ಸಿನಿಮಾ ಬೇರೆ ಯಾವ ಭಾಷೆಯಲ್ಲಿದೆಯೋ ಕಾಣೆ. ಗ್ರಂಥಾಲಯದಲ್ಲಿ ಕೂತು ಇದನ್ನು ಹೇಳಲು ನನಗೆ ಹೆಮ್ಮೆ. ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಶಾಲೆಗಳು ಆಗಷ್ಟೇ ತೆರೆದಿದ್ದವು, ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಹೋದರು.

ಯಾಕೆ ಹೀಗೆ ಎತ್ತಂಗಡಿ ಆಗುತ್ತದೆ ಅಂತ ನಾನು ಒಬ್ಬ ವಿತರಕರ ಕಚೇರಿಯಲ್ಲಿ ಕೆಲಸ ಮಾಡುವ ಗೆಳೆಯನನ್ನು ಕೇಳಿದೆ. ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನಮ್ಮಲ್ಲಿ ಒಂಟಿ ಪರದೆಯ ಚಿತ್ರಮಂದಿರಗಳು ಬಹುತೇಕ ಬಾಡಿಗೆ ಲೆಕ್ಕದಲ್ಲಿ ನಡೆಯುತ್ತವೆ. ಸಿನಿಮಾದವರು ವಾರಕ್ಕೆ ಇಷ್ಟು ಅಂತ ಕೊಡಬೇಕು, ಜನ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ. ಮೊದಲ ವಾರ ಕೈಯಿಂದ ಹಾಕಿದ ನಿರ್ಮಾಪಕ ಎರಡನೇ ವಾರದ ಬಾಡಿಗೆ ಕಟ್ಟಲು ಹೆದರುತ್ತಾನೆ. ಮಲ್ಟಿಪ್ಲೆಕ್ಸಿನಲ್ಲಿ ಬಾಡಿಗೆ ಇಲ್ಲ, ಪಾಲು. ಮೊದಲ ವಾರ ಹೆಚ್ಚುಕಡಿಮೆ ಅರ್ಧರ್ಧ, ಆಮೇಲೆ ವಾರ ಕಳೆದ ಹಾಗೆ ನಿರ್ಮಾಪಕನ ಪಾಲು ಇಳಿಯುತ್ತಾ ಹೋಗುತ್ತದೆ. ಅಂದರೆ ನನ್ನಂಥವನು ತಡವಾಗಿ ಕೊಡುವ ಟಿಕೆಟ್ ದುಡ್ಡಿನಲ್ಲಿ ಸಿನಿಮಾ ಮಾಡಿದವನಿಗೆ ಸಿಗುವುದೂ ಕಡಿಮೆ. ಅವನಿಗೂ ಮೊದಲ ಮೂರು ದಿನವೇ ಮುಖ್ಯ. ಸೋಮವಾರ ಬೆಳಗ್ಗೆ ಕಂಪ್ಯೂಟರಿನಲ್ಲಿ ಸೀಟು ನೋಡಿ ಶೋ ಕಡಿಮೆ ಮಾಡುತ್ತಾರೆ, ಗುರುವಾರಕ್ಕೆ ಬೆಳಗ್ಗೆ ಹತ್ತರ ಶೋ ಒಂದು ಉಳಿಯುತ್ತದೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಸಿನಿಮಾ ಬರುತ್ತವೆ, ಅದರ ಮೇಲೆ ತೆಲುಗು, ತಮಿಳು, ಹಿಂದಿ, ಮಲಯಾಳ, ಇಂಗ್ಲಿಷು. ಮುಂದಿನ ಶುಕ್ರವಾರದವರು ಆಗಲೇ ಬಾಗಿಲಲ್ಲಿ ನಿಂತಿರುತ್ತಾರೆ.

ಹಿಂದೆ ಹೀಗಿರಲಿಲ್ಲ ಅಂತ ಹಳೇ ಪುರಾಣ ತೆಗೆಯುವುದಿಲ್ಲ. ಆದರೆ 'ಮುಂಗಾರು ಮಳೆ' 2006ರ ಡಿಸೆಂಬರ್ ಕೊನೆಯಲ್ಲಿ ಬಂದಾಗ ಗಣೇಶ್ ದೊಡ್ಡ ಸ್ಟಾರ್ ಏನಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಅದು ವರ್ಷದ ಮೇಲೆ ಓಡಿತು. ಜನ ಮಳೆಗಾಲಕ್ಕೂ ಹೋಗಿ ನೋಡಿದರು, ಅದರ ಮುಂದಿನ ಚಳಿಗಾಲಕ್ಕೂ. ನಮ್ಮ ಮೈಸೂರಿನಲ್ಲಿ ಶಾಂತಲಾ, ಲಕ್ಷ್ಮಿ, ಸರಸ್ವತಿ ಮೂರೂ ಬಾಗಿಲು ಹಾಕಿದವು. ಸರಸ್ವತಿಯ ಮುಂದೆ ಸಿಟಿ ಬಸ್ಸಿನಲ್ಲಿ ಹೋಗುವಾಗ ಪೋಸ್ಟರ್ ನೋಡಿ "ಓ, ಇನ್ನೂ ಓಡ್ತಿದೆ, ಹಾಗಾದ್ರೆ ಚೆನ್ನಾಗಿರಬೇಕು" ಅಂದುಕೊಳ್ಳುತ್ತಿದ್ದೆವಲ್ಲ, ಆ ಪೋಸ್ಟರೇ ನಮಗೆ ವಿಮರ್ಶೆ. ಆ್ಯಪಿನಲ್ಲಿ ಎಲ್ಲ ಸಿನಿಮಾಗಳೂ ಒಂದೇ ಅಳತೆಯ ಚೌಕ.

ಸ್ಟಾರ್ ಸಿನಿಮಾಗಳ ಬಗ್ಗೆ ಹೇಳಲೇಬೇಕು, ಇಲ್ಲದಿದ್ದರೆ ಹುಡುಗರು ಎದ್ದು ಹೋಗುತ್ತಾರೆ. 'ಕಾಟೇರ' ನನಗೆ ಇಷ್ಟವಾಯಿತು. ದರ್ಶನ್ ಗುದ್ದಿದ್ದಕ್ಕಲ್ಲ. ಉಳುವವನೇ ಭೂಮಿಯ ಒಡೆಯ ಅನ್ನುವ ಕಾನೂನು ಹಳ್ಳಿಗೆ ಬಂದಾಗ ಏನಾಯಿತು ಅನ್ನುವುದನ್ನು ದೊಡ್ಡ ಕಮರ್ಷಿಯಲ್ ಸಿನಿಮಾ ಒಂದು ಹೇಳಲು ಹೊರಟಿತಲ್ಲ, ಅದಕ್ಕೆ. ಆ ಕಾನೂನು ತಂದ ದೇವರಾಜ ಅರಸು ನಮ್ಮ ಹುಣಸೂರಿನವರು. 1974ರ ಆ ತಿದ್ದುಪಡಿಯಿಂದ ಜಮೀನು ಪಡೆದವರ ಮಕ್ಕಳು, ಕಳೆದುಕೊಂಡವರ ಮಕ್ಕಳು ಇಬ್ಬರೂ ಈ ಕೋಣೆಯಲ್ಲಿ ಇರಬಹುದು. ಡಿಕ್ಲರೇಷನ್ ಅರ್ಜಿ ಹಾಕಲು ಹೆದರಿ ಸುಮ್ಮನಾದವರ ಕತೆಯನ್ನು ನನ್ನ ಅಜ್ಜ ಹೇಳುತ್ತಿದ್ದರು. ಅಂಥ ವಿಷಯ ಕೈಗೆ ಸಿಕ್ಕ ಮೇಲೆ ಅಷ್ಟೊಂದು ಮಚ್ಚು ಬೇಕಿತ್ತಾ? ಸುದೀಪ್ ಅವರ 'ಮ್ಯಾಕ್ಸ್' ಒಂದು ರಾತ್ರಿ, ಒಂದು ಪೊಲೀಸ್ ಠಾಣೆ ಅಂತ ಗೆರೆ ಹಾಕಿಕೊಂಡು ಆಡಿದ್ದರಿಂದ ಬೋರ್ ಹೊಡೆಸಲಿಲ್ಲ, ಬೆಳಗಾಗುವಷ್ಟರಲ್ಲಿ ಮರೆತೂ ಹೋಯಿತು. 'ಯುಐ' ನೋಡಿ ಬಂದ ಹುಡುಗರು ಅಂಗಡಿ ಮುಂದೆ ನಿಂತು ಒಬ್ಬೊಬ್ಬರು ಒಂದೊಂದು ಅರ್ಥ ಹೇಳಿದರು. ಉಪೇಂದ್ರ ಅವರ ಸಿನಿಮಾದಲ್ಲಿ ನನಗೆ ಯಾವತ್ತೂ ಇಷ್ಟ ಆಗುವುದು ಈ ಭಾಗವೇ.

ಆದರೆ ಇವರ ಬಿಡುಗಡೆ ದಿನಾಂಕ ನೋಡಿ. ವರ್ಷಪೂರ್ತಿ ಟಾಕೀಸು ಬಿಕೋ ಅನ್ನುತ್ತಿರುತ್ತದೆ, 2025ರ ಡಿಸೆಂಬರ್ 11ಕ್ಕೆ 'ದಿ ಡೆವಿಲ್', 25ಕ್ಕೆ 'ಮಾರ್ಕ್', ಅದೇ 25ಕ್ಕೆ '45'. ದರ್ಶನ್, ಸುದೀಪ್, ಶಿವಣ್ಣ, ಉಪೇಂದ್ರ, ರಾಜ್ ಶೆಟ್ಟಿ ಎಲ್ಲರೂ ಹದಿನೈದು ದಿನದೊಳಗೆ. ಬೇಸಿಗೆಯಲ್ಲಿ ಒಬ್ಬರೂ ಇಲ್ಲ, ದಸರಾ ಬಿಟ್ಟರೆ ಕ್ರಿಸ್‌ಮಸ್. ಯಾರದ್ದೋ ಮೊದಲ ವಾರ ಇನ್ನೊಬ್ಬರ ಎರಡನೇ ವಾರವನ್ನು ನುಂಗುತ್ತದೆ. ಅಭಿಮಾನಿಗಳು ಫೋನಿನಲ್ಲಿ ಯಾರ ಕಲೆಕ್ಷನ್ ಎಷ್ಟು ಅಂತ ಬಡಿದಾಡುತ್ತಾರೆ, ಸಿನಿಮಾ ಹೇಗಿದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಟಿಕೆಟ್ ದರದ ಬಗ್ಗೆ ಮುಂದಿನ ಸಾಲಿನ ಅಮ್ಮ ಚೀಟಿ ಕಳಿಸಿದ್ದಾರೆ. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಅಂತ ನಿಯಮ ಹೊರಡಿಸಿತು. ತೆರಿಗೆ ಶೇ 18 ಸೇರಿಸಿದರೆ 236. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು, ನೀರಿನ ಬಾಟಲಿಗೂ ಕಾಫಿಗೂ ಇಷ್ಟೊಂದು ತಗೊಂಡರೆ ಹಾಲು ಖಾಲಿ ಬೀಳುತ್ತದೆ ಅಂತ ನ್ಯಾಯಮೂರ್ತಿಗಳೇ ಅಂದರು. 2017ರ ಬಜೆಟ್ಟಿನಲ್ಲೂ ಇದೇ 200ರ ಮಾತು ಬಂದಿತ್ತು, ಆಗಲೂ ನಿಲ್ಲಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ದೊಡ್ಡ ಸಿನಿಮಾಕ್ಕೆ ಮೊದಲ ಮೂರು ದಿನ ಎಷ್ಟು ಬೇಕಾದರೂ ಇಡಲಿ, ಅಭಿಮಾನಿಗಳು ಕೊಡುತ್ತಾರೆ, ಅದು ಅವರ ಹಬ್ಬ. ಸೋಮವಾರದಿಂದ ಇಳಿಸಲಿ. 2024ರ ಸೆಪ್ಟೆಂಬರ್ 20ಕ್ಕೆ ರಾಷ್ಟ್ರೀಯ ಸಿನಿಮಾ ದಿನ ಅಂತ 99 ರೂಪಾಯಿ ಮಾಡಿದಾಗ ನನ್ನ ಅಂಗಡಿ ಹುಡುಗ ಮಧ್ಯಾಹ್ನದಿಂದ ಕಾಣಲೇ ಇಲ್ಲ. ಹೊಸಬರ ಸಿನಿಮಾಕ್ಕೂ ಸ್ಟಾರ್ ಸಿನಿಮಾಕ್ಕೂ ಒಂದೇ ದರ ಇಟ್ಟರೆ ಜನ ಸ್ಟಾರ್ ಕಡೆಗೇ ಹೋಗುತ್ತಾರೆ.

ಪ್ರಶ್ನೋತ್ತರದಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಂಕಲ್, ಎಲ್ಲರೂ ನಿಮ್ಮ ಹಾಗೆ ಎರಡನೇ ವಾರಕ್ಕೆ ಕಾದರೆ ಮೊದಲನೇ ವಾರ ಯಾರು ನೋಡಬೇಕು? ನಿಮಗೆ ಬಾಯಿಮಾತು ಬೇಕು, ಆದರೆ ಬಾಯಿ ಬೇರೆಯವರದ್ದು." ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಅವಳಿಗೆ ಹೇಳಿದ್ದು ಇಷ್ಟು. ಹೊಸ ಹೆಸರನ್ನು ಮೊದಲ ವಾರ ನೋಡುವ ಧೈರ್ಯ ವಯಸ್ಸಿನಲ್ಲಿ ಚಿಕ್ಕವರಿಗೆ ಇರುತ್ತದೆ, ಅದು ನಿಮ್ಮ ಕೆಲಸ. ಸಂಸಾರ ಇರುವವನು ನಾಲ್ಕು ಟಿಕೆಟ್ ತಗೊಳ್ಳುವ ಮೊದಲು ವಿಚಾರಿಸಿಯೇ ವಿಚಾರಿಸುತ್ತಾನೆ, ಅವನನ್ನು ಬಯ್ದು ಪ್ರಯೋಜನವಿಲ್ಲ. ನೀವು ಹತ್ತು ಜನ ನೋಡಿ ಹೇಳಿದರೆ ಅವನು ಖಂಡಿತ ಬರುತ್ತಾನೆ, ನಾಲ್ಕು ಟಿಕೆಟ್ಟೂ ತಗೊಳ್ಳುತ್ತಾನೆ. ಅವನು ಬರುವ ತನಕ ಒಂದು ಸಂಜೆ ಶೋ ಉಳಿಸಿಡುವುದು ಟಾಕೀಸಿನವರ ಕೆಲಸ. ಅವಳು ಅಷ್ಟಕ್ಕೇ ಬಿಡಲಿಲ್ಲ. "ಹಾಗಾದ್ರೆ ನಾವು ನೋಡಿ ಹೇಳಿದ್ದನ್ನ ನಂಬ್ತೀರಾ? ಆಗಲೇ ಹುಡುಗರು ಹೇಳಿದ್ರೆ ನಂಬಲ್ಲ ಅಂದ್ರಿ" ಅಂದಳು. ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗು ಅಂದೆ.